ಕುದುರೆಯ ಕೂದಲು

ಹೊಳೆ ದಂಡೆಯಲ್ಲಿ ಒಂದು ಆಶ್ರಮ ಇತ್ತು. ಆಶ್ರಮ ಅಂತ ಜನ ಕರೆದದ್ದು. ಒಳಗೆ ವಿಗ್ರಹ ಇರಲಿಲ್ಲ. ಒಂದು ಬೆಂಚು, ಬಿಸಿನೀರಿನ ಹಂಡೆ, ತಣ್ಣೀರಿನ ಮಡಕೆ, ಒಂದಿಷ್ಟು ಗಾಜಿನ ಕೊಳವೆ. ಇಷ್ಟೇ.

ಅಲ್ಲಿದ್ದವರು ವೃಷಭೇಂದ್ರಯ್ಯ. ಜನ ಮೇಷ್ಟ್ರು ಅನ್ನುತ್ತಿದ್ದರು. ಪಟ್ಟಣದ ಪ್ರಯೋಗಶಾಲೆಯಲ್ಲಿ ಬಹಳ ಕಾಲ ಇದ್ದವರು. ಅಲ್ಲಿ ಅವರು ಹುಡುಕಿದ್ದು ಒಂದೇ. ಬಿಸಿ ಚರ್ಮಕ್ಕೆ ಹೇಗೆ ಗೊತ್ತಾಗುತ್ತದೆ, ತಂಪು ಹೇಗೆ ಗೊತ್ತಾಗುತ್ತದೆ, ಮುಟ್ಟಿದ್ದು ಹೇಗೆ ಗೊತ್ತಾಗುತ್ತದೆ.

ಹೆಂಡತಿ ತೀರಿಕೊಂಡ ಮೇಲೆ ಪ್ರಯೋಗಶಾಲೆ ಬಿಟ್ಟರು. ಹೊಳೆ ದಂಡೆಗೆ ಬಂದರು.

ಕೈಕಾಲು ಜೋಮು ಹಿಡಿದವರು ಹುಡುಕಿಕೊಂಡು ಬರತೊಡಗಿದರು. ಸಕ್ಕರೆ ಕಾಯಿಲೆಯವರು. ಮೈಮೇಲೆ ಮಚ್ಚೆ ಎದ್ದವರು. ಮೇಷ್ಟ್ರು ಔಷಧಿ ಕೊಡುತ್ತಿರಲಿಲ್ಲ. ಎಲ್ಲಿ ಗೊತ್ತಾಗುತ್ತೆ, ಎಲ್ಲಿ ಗೊತ್ತಾಗಲ್ಲ ಅಂತ ನೋಡುವರು. ಗುರುತು ಹಾಕುವರು. ಆಸ್ಪತ್ರೆಗೆ ಕಳಿಸುವರು.

ಒಬ್ಬನೇ ಶಿಷ್ಯ. ಮಾಯಣ್ಣ.

ಬಂದ ಹೊಸದರಲ್ಲಿ ಮಾಯಣ್ಣ ಕೇಳಿದ್ದ.

“ಮೇಷ್ಟ್ರೇ, ಇಷ್ಟು ಓದಿದ್ದೀರಿ. ಚರ್ಮ ಅಂದ್ರೆ ಏನು?”

ಮೇಷ್ಟ್ರು ಒಂದು ಹಸಿಮೆಣಸಿನಕಾಯಿ ಮುರಿದರು. ಅವನ ತುಟಿಗೆ ಸವರಿದರು.

“ಉರಿ ಮೇಷ್ಟ್ರೇ.”

“ಬೆಂಕಿ ಎಲ್ಲಿದೆ?”

“ಬೆಂಕಿ ಇಲ್ಲ.”

“ಮತ್ತೆ ಉರಿ ಅಂದೆ.”

“ಉರೀತಿದೆಯಲ್ಲ.”

“ಬೆಂಕಿ ಬಂದ್ರೆ ತೆರ್ಕೊಳ್ಳೋ ಬಾಗಿಲು ಒಂದಿದೆ ಚರ್ಮದಲ್ಲಿ. ಮೆಣಸಿನಕಾಯಿ ಬಂದು ಅದೇ ಬಾಗಿಲು ತಟ್ಟುತ್ತೆ. ಒಳಗಿರೋನಿಗೆ ಯಾರು ತಟ್ಟಿದ್ರು ಅಂತ ಕಾಣಲ್ಲ. ಬೆಂಕಿ ಬಂತು ಅಂತ ಕೂಗ್ತಾನೆ.”

“ಹಾಗಾದ್ರೆ ಪುದೀನ ತಿಂದ್ರೆ ತಣ್ಣಗಾಗೋದು?”

“ಅದಕ್ಕೆ ಬೇರೆ ಬಾಗಿಲು.”

“ಒಳಗಿರೋನು ಯಾರು ಮೇಷ್ಟ್ರೇ?”

“ಅದು ಗೊತ್ತಿದ್ರೆ ನಾನು ಯಾಕೆ ಇಲ್ಲಿರ್ತಿದ್ದೆ. ಹೋಗು, ಮಜ್ಜಿಗೆ ಕುಡಿ.”

ಇನ್ನೊಂದು ದಿನ ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ಹಿಡಿಸಿದರು. ಪಕ್ಕದಲ್ಲಿದ್ದ ಒನಕೆ ಹಿಡಿಸಿದರು.

“ಯಾವುದು ತಣ್ಣಗಿದೆ?”

“ಹಾರೆ.”

“ಎರಡೂ ಒಂದೇ ಮೂಲೇಲಿ ಬಿದ್ದಿದ್ವು. ಎರಡೂ ಅಷ್ಟೇ ತಣ್ಣಗಿವೆ.”

ಮಾಯಣ್ಣ ಮತ್ತೆ ಹಿಡಿದು ನೋಡಿದ. ಹಾರೆಯೇ ತಣ್ಣಗಿತ್ತು.

“ಹಾರೆ ನಿನ್ನ ಕೈಯ ಬಿಸಿ ಬೇಗ ಎಳ್ಕೊಳ್ಳುತ್ತೆ. ಒನಕೆ ನಿಧಾನ. ತನ್ನಿಂದ ಏನು ಹೋಯ್ತು ಅನ್ನೋದು ಚರ್ಮಕ್ಕೆ ಗೊತ್ತಾಗುತ್ತೆ.”

“ಎಲ್ಲಾ ಕಂಡುಹಿಡಿದುಬಿಟ್ಟಿದ್ದೀರಿ.”

ಮೇಷ್ಟ್ರು ಹೊಳೆ ಕಡೆ ನೋಡಿದರು.

“ಒಂದು ಉಳೀತು. ನಮ್ಮನೆಯವಳ ಕೈ ಹಿಡ್ಕೊಂಡು ಕೂತಿದ್ದೆ. ಕೊನೆಗೆ ಆ ಕೈ ಈ ಒನಕೆಗಿಂತ ತಣ್ಣಗೇನೂ ಇರಲಿಲ್ಲ. ಆದ್ರೂ ಒನಕೆ ಹಿಡಿದ್ರೆ ಮೈಯೆಲ್ಲ ಹಾಗೆ ಕೊರೆಯಲ್ಲ.”

“ಯಾಕೆ ಮೇಷ್ಟ್ರೇ?”

“ಅದೇ ಉಳೀತು ಅಂದದ್ದು.”

ಮಾಯಣ್ಣ ಕೆಲಸ ಕಲಿತ.

ಆ ಕೆಲಸಕ್ಕೆ ಮುಖ್ಯ ಸಾಮಾನು ಕುದುರೆಯ ಬಾಲದ ಕೂದಲು. ಬಿದಿರುಕಡ್ಡಿಯ ತುದಿಗೆ ಮೇಣ ಹಚ್ಚಿ ನಿಲ್ಲಿಸಿದ್ದು. ತೆಳುವಾದದ್ದರಿಂದ ದಪ್ಪನೆಯದರವರೆಗೆ ಒಂದು ಪೆಟ್ಟಿಗೆ ತುಂಬ ಇದ್ದವು. ಬಂದವರು ಕಣ್ಣು ಮುಚ್ಚಬೇಕು. ಕೂದಲಿನ ತುದಿ ಚರ್ಮಕ್ಕಿಟ್ಟು, ಅದು ಬಾಗುವ ತನಕ ಒತ್ತಬೇಕು. ತಾಗಿತಾ ಅಂತ ಕೇಳಬೇಕು. ತೆಳು ಕೂದಲು ತಾಗದಿದ್ದರೆ ದಪ್ಪದ್ದು.

ಆಮೇಲೆ ಅಂಗಾಲು. ಬಲಗೈಯ ಹಿಂಬದಿಯಿಂದ ಮೆಲ್ಲಗೆ ಸವರಿ ನೋಡಬೇಕು. ಜೋಮು ಹಿಡಿದ ಕಾಲಿನಲ್ಲಿ ಹುಣ್ಣು ಏಳುವ ಮುಂಚೆ ಆ ಜಾಗ ಬಿಸಿಯಾಗುತ್ತದೆ. ನೋವು ಇರುವುದಿಲ್ಲ. ಆ ಬಿಸಿ ಸಿಕ್ಕಿದರೆ ಕಾಲು ಉಳಿಯುತ್ತದೆ.

ಮೇಷ್ಟ್ರ ಕೈ ನಡುಗಲು ಶುರುವಾಗಿತ್ತು.

“ದೀಪಾವಳಿ ಕಳೀಲಿ,” ಅಂದರು. “ಪೆಟ್ಟಿಗೆ ನಿನ್ನ ಕೈಗೇ ಕೊಡ್ತೀನಿ.”

ಅದೇ ವಾರ ಮಾಯಣ್ಣ ಹಂಡೆಯಿಂದ ನೀರು ತೋಡಿದ. ಕೆಲಸ ಮುಗಿಸಿ ಕೈ ಒರೆಸಿಕೊಂಡ. ಕಿರುಬೆರಳಿನ ಪಕ್ಕ ಬೊಬ್ಬೆ ಎದ್ದಿತ್ತು.

ಯಾವಾಗ ಸುಟ್ಟಿತು ಅಂತ ಗೊತ್ತಿರಲಿಲ್ಲ.

ಬಲಗೈಯ ಹಿಂಬದಿಯಲ್ಲಿ ಒಂದು ಬಿಳಿಚಿದ ಮಚ್ಚೆ ಮೊದಲೇ ಇತ್ತು. ತದ್ದು ಅಂದುಕೊಂಡು ಬಿಟ್ಟಿದ್ದ. ದನದ ಕೊಟ್ಟಿಗೆ ಹಿಂದೆ ಹೋದ. ಜಾಲಿಮುಳ್ಳು ಮುರಿದು ಮಚ್ಚೆಯ ಮೇಲೆ ಒತ್ತಿದ. ರಕ್ತದ ಹನಿ ಬಂತು. ನೋವು ಬರಲಿಲ್ಲ.

ಇಂಥ ಮಚ್ಚೆ ಅವನು ಎಷ್ಟೋ ಜನರ ಮೈಮೇಲೆ ಕಂಡಿದ್ದ. ಹೆದರಬೇಡಿ, ಆಸ್ಪತ್ರೆಗೆ ಹೋಗಿ ಅಂದಿದ್ದ.

ತಾನು ಹೋಗಲಿಲ್ಲ.

ಊರಲ್ಲಿ ಅವನ ತಾತನಿಗೆ ಆ ರೋಗ ಇತ್ತು. ಬೇರೆ ತಟ್ಟೆ ಇಟ್ಟಿದ್ದರು. ಆಮೇಲೆ ಬೇರೆ ಗುಡಿಸಲು. ಅನ್ನ ದೂರದಿಂದ ತಳ್ಳುತ್ತಿದ್ದರು. ಆ ತಟ್ಟೆ ಕಲ್ಲಿನ ಮೇಲೆ ಜಾರುವ ಸದ್ದು ಮಾಯಣ್ಣನಿಗೆ ಈಗ ಊಟಕ್ಕೆ ಕೂತಾಗಲೆಲ್ಲ ಕೇಳಿಸುತ್ತಿತ್ತು.

ಮುಟ್ಟಿ ನೋಡುವುದೇ ಇಲ್ಲಿನ ಕೆಲಸ. ಕೈಗೆ ಗೊತ್ತಾಗದವನನ್ನು ಮೇಷ್ಟ್ರು ಯಾಕೆ ಇಟ್ಟುಕೊಳ್ಳುತ್ತಾರೆ. ಇಲ್ಲಿಂದ ಹೋದರೆ ಊರು. ಊರಿಗೆ ಹೋದರೆ ಆ ತಟ್ಟೆ.

ತುಂಬುತೋಳಿನ ಅಂಗಿ ಹಾಕಿಕೊಂಡ. ತೋಳು ಬೆರಳಿನವರೆಗೆ ಎಳೆದುಕೊಂಡ.

“ಈ ಸೆಕೇಲಿ ತುಂಬುತೋಳು ಯಾಕೋ?” ಅಂದರು ಮೇಷ್ಟ್ರು.

“ಸೊಳ್ಳೆ ಮೇಷ್ಟ್ರೇ.”

“ಹಗಲು ಹೊತ್ತು ನಿನ್ನನ್ನ ಹುಡ್ಕೊಂಡು ಬರ್ತಾವಾ? ದೊಡ್ಡ ಮನುಷ್ಯನಪ್ಪ.”

ಮಾಯಣ್ಣ ನಕ್ಕ. ನಕ್ಕದ್ದು ಜಾಸ್ತಿಯಾಯಿತು ಅಂತ ಅವನಿಗೇ ಅನ್ನಿಸಿತು.

ಮೇಷ್ಟ್ರು ಮುಂದೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಗಿರಿಯಮ್ಮ ಬಂದಳು. ದೋಣಿ ಕಟ್ಟೆಯಲ್ಲಿ ಇಡ್ಲಿ ಮಾರುವವಳು. ಸಕ್ಕರೆ ಕಾಯಿಲೆ. ಬಿಸಿ ತಟ್ಟೆಯನ್ನು ಬರಿಗೈಲಿ ಇಳಿಸುತ್ತಾಳೆ ಅಂತ ಕಟ್ಟೆಯ ಮೇಲೆ ಅವಳಿಗೆ ಹೆಸರು.

“ಬೇಗ ನೋಡಿ ಕಳ್ಸಿ ಸ್ವಾಮಿ. ಒಲೆ ಸೊಸೆ ಕೈಲಿ ಕೊಟ್ಟು ಬಂದಿದೀನಿ. ಅವಳು ಮಾಡಿದ ಇಡ್ಲೀಲಿ ಗೋಡೆ ಕಟ್ಟಬೋದು.”

“ಕೂತ್ಕೊಳ್ಳಮ್ಮ,” ಅಂದರು ಮೇಷ್ಟ್ರು. “ಮಾಯಣ್ಣ, ನೀನೇ ನೋಡು.”

ಗಿರಿಯಮ್ಮ ಕಣ್ಣು ಮುಚ್ಚಿದಳು. ಮಾಯಣ್ಣ ಎಡಗೈಲಿ ಕಡ್ಡಿ ಹಿಡಿದು ಅವಳ ಹೆಬ್ಬೆರಳಿಗೆ ಕೂದಲಿಟ್ಟ.

“ತಾಗಿತಾ ಗಿರಿಯಕ್ಕ?”

“ತಾಗ್ತು.”

“ಈಗ?”

“ತಾಗ್ತು ಕಣಪ್ಪ. ಎಲ್ಲಾ ತಾಗ್ತದೆ. ತಾಗಲ್ಲ ಅಂದ್ರೆ ನನ್ನ ಮಗ ಒಲೆ ಮುಂದೆ ಕೂರೋಕೆ ಬಿಡಲ್ಲ.”

ಮಾಯಣ್ಣ ಕೂದಲು ಕೆಳಗಿಟ್ಟ. ಅಂಗಾಲು ನೋಡಲು ಎಡಗೈ ಚಾಚಿದ.

ಗಿರಿಯಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

“ಎಡಗೈ ತೆಗಿ. ತಾಯಿ ವಯಸ್ಸಿನೋಳ ಕಾಲಿಗೆ ಎಡಗೈ ಹಾಕ್ತೀಯಾ? ಮನೇಲಿ ಯಾರೂ ಹೇಳಿಕೊಡ್ಲಿಲ್ವಾ?”

ಹಂಡೆ ಹತ್ತಿರ ಇದ್ದ ಮೇಷ್ಟ್ರು ತಿರುಗಿ ನೋಡಿದರು.

ಮಾಯಣ್ಣ ಎಡಗೈ ತೆಗೆದ. ಅಂಗಿಯ ತೋಳು ಸ್ವಲ್ಪ ಸರಿಸಿ ಬಲಗೈಯ ಹಿಂಬದಿ ಅವಳ ಅಂಗಾಲಿಗೆ ಇಟ್ಟ. ಮಚ್ಚೆಯಿದ್ದ ಜಾಗವೇ ತಾಗಿರಬೇಕು. ಏನೂ ಗೊತ್ತಾಗಲಿಲ್ಲ. ಇನ್ನೊಂದು ಕಾಲಿಗೂ ಇಟ್ಟ.

“ಹೇಗಿದೆ?” ಅಂದರು ಮೇಷ್ಟ್ರು.

“ತಣ್ಣಗಿದೆ.”

“ಎರಡೂ?”

“ಎರಡೂ.”

ಗಿರಿಯಮ್ಮ ಎದ್ದಳು. ಮುತ್ತುಗದ ಎಲೆಯಲ್ಲಿ ಕಟ್ಟಿ ತಂದ ಇಡ್ಲಿ ಅವನ ಮುಂದಿಟ್ಟಳು.

“ತಿನ್ನಪ್ಪ. ಬೈದೆ ಅಂತ ಬೇಜಾರು ಮಾಡ್ಕೋಬೇಡ. ಯಾಕೋ ಸೊರಗಿದ್ದೀಯ.”

ಇಡ್ಲಿಯನ್ನು ಅವನು ಕೊಟ್ಟಿಗೆಯ ದನಕ್ಕೆ ಹಾಕಿದ.

ತಣ್ಣಗಿತ್ತೇ? ಇರಬಹುದು. ಬಿಸಿ ಇದ್ದಿದ್ದರೆ ಸ್ವಲ್ಪವಾದರೂ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿತ್ತೇ? ಬೊಬ್ಬೆ ಎದ್ದದ್ದು ಗೊತ್ತಾಗಿರಲಿಲ್ಲ. ಹೀಗೆ ಇಡೀ ದಿನ ಹೋಯಿತು.

ಮಾರನೆಯ ದಿನ ದೋಣಿ ಕಟ್ಟೆಗೆ ಹೋದ. ಇನ್ನೊಮ್ಮೆ ನೋಡುತ್ತೇನೆ, ಎಡಗೈಲೇ ನೋಡುತ್ತೇನೆ, ಬೈದರೆ ಬೈಯಲಿ ಅಂತ ಹೋದ. ಗಿರಿಯಮ್ಮನ ಸುತ್ತ ಜನ. ಅವಳು ಚಟ್ನಿ ಬಡಿಸುತ್ತ ಅಂಬಿಗನನ್ನು ಗೇಲಿ ಮಾಡುತ್ತಿದ್ದಳು. ಆ ಕಡೆಯಿಂದ ಈ ಕಡೆಗೆ ಚೆನ್ನಾಗಿಯೇ ನಡೆಯುತ್ತಿದ್ದಳು.

ನಡೆಯುತ್ತಿದ್ದಾಳಲ್ಲ, ಅಂದುಕೊಂಡ.

ಜೋಮು ಹಿಡಿದವರು ಹುಣ್ಣಿನ ಮೇಲೂ ನಡೆಯುತ್ತಾರೆ. ಅದು ಅವನಿಗೆ ಗೊತ್ತಿತ್ತು. ಆದರೂ ಹಿಂದಕ್ಕೆ ಬಂದ.

ಆಮೇಲೆ ಕಟ್ಟೆ ಕಡೆ ಹೋಗಲಿಲ್ಲ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಕೈಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದ.

ಕೊನೆಗೆ ಗಿರಿಯಮ್ಮನ ಮಗನ ನೆರಳೇ ಬಿತ್ತು. ಬಾಗಿಲ ಹೊರಗೇ ನಿಂತ.

“ಅಮ್ಮಂಗೆ ಚಳಿಜ್ವರ ಸ್ವಾಮಿ. ಅಂಗಾಲು ಒಡೆದು ಕೀವು ಸುರೀತಿದೆ. ಪಟ್ಟಣದ ಆಸ್ಪತ್ರೆಗೆ ಹಾಕಿದೀವಿ.”

“ಏನಂತಾರೆ ಅಲ್ಲಿ?”

“ಒಂದು ಬೆರಳು ತೆಗೀಬೇಕಂತೆ. ಈಗ ತೆಗೆದ್ರೆ ಬೆರಳು, ತಡ ಮಾಡಿದ್ರೆ ಪಾದ ಅಂತಾರೆ. ಅಮ್ಮ ಬಿಡ್ತಿಲ್ಲ. ಕಾಲು ಚೆನ್ನಾಗಿದೆ, ಎಲ್ಲಾ ತಾಗ್ತದೆ ಅಂತ ಹಠ ಹಿಡಿದವ್ಳೆ.”

ಅವನು ಮಾಯಣ್ಣನ ಕಡೆ ನೋಡಿದ.

“ಆಶ್ರಮದ ಹುಡುಗನೇ ನೋಡಿ ಸರಿಯಾಗಿದೆ ಅಂದವ್ನೆ, ನೀವೇನ್ರೀ ಕೊಯ್ಯೋದು ಅಂತ ಡಾಕ್ಟರ್ ಮೇಲೇ ಎಗರಾಡ್ತಾಳೆ.”

ಮಾಯಣ್ಣ ಅಂಗಿಯ ತೋಳನ್ನು ಬೆರಳಿನ ಮೇಲೆ ಎಳೆದುಕೊಂಡ.

“ಬೈಯೋಕೆ ಬಂದಿಲ್ಲ ಸ್ವಾಮಿ. ಹೇಳಿಹೋಗೋಣ ಅಂತ ಬಂದೆ.”

ಅವನು ಹೋದ.

“ಬಿಸಿ ಇರಲಿಲ್ಲ ಮೇಷ್ಟ್ರೇ,” ಅಂದ ಮಾಯಣ್ಣ. “ನಾನು ನೋಡಿದಾಗ ಇರಲಿಲ್ಲ.”

ಮೇಷ್ಟ್ರು ಆ ಪ್ರಶ್ನೆ ಕೇಳಿಯೇ ಇರಲಿಲ್ಲ.

“ಬೆಂಚಿನ ಮೇಲೆ ಕೂತ್ಕೋ,” ಅಂದರು.

“ಯಾಕೆ?”

“ಕೂತ್ಕೋ. ಬಲಗೈ ಚಾಚು. ಕಣ್ಣು ಮುಚ್ಚು.”

ಮಾಯಣ್ಣ ಕೂತ. ತೋಳು ಮೇಲೆ ಸರಿಸಿದ. ಕಣ್ಣು ಮುಚ್ಚಿದ.

ಹೊಳೆಯ ಸದ್ದು ಕೇಳುತ್ತಿತ್ತು. ಕೈಯಲ್ಲಿ ಏನೂ ಇಲ್ಲ. ಏನಾದರೂ ಗೊತ್ತಾಗಲಿ ಅಂತ ಉಸಿರು ಬಿಗಿಹಿಡಿದ. ತೆಳು ಕೂದಲು ಇಟ್ಟಿರುತ್ತಾರೆ. ಮೊದಲು ತೆಳುವಾದದ್ದೇ ಅಲ್ಲವೇ.

“ತಾಗಿತಾ?”

“ತಾಗಿತು.”

“ಈಗ?”

“ತಾಗಿತು.”

“ಎಲ್ಲಿ?”

“ಕಿರುಬೆರಳ ಹತ್ರ.”

“ಈಗ?”

“ಹ್ಞೂಂ. ಮಣಿಕಟ್ಟಿನ ಕಡೆ. ಇದು ಸ್ವಲ್ಪ ದಪ್ಪ ಕೂದಲು.”

“ಕಣ್ಣು ಬಿಡು.”

ಮಾಯಣ್ಣ ಕಣ್ಣು ಬಿಟ್ಟ.

ಮೇಷ್ಟ್ರು ದೂರದಲ್ಲಿ, ಬಾಗಿಲ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಎರಡು ಕೈಯೂ ಮಡಿಲಲ್ಲಿದ್ದವು. ಪೆಟ್ಟಿಗೆ ಗೂಡಿನಲ್ಲಿತ್ತು. ಮುಚ್ಚಳ ಹಾಕಿತ್ತು.

ಮಾಯಣ್ಣ ಆ ಪೆಟ್ಟಿಗೆ ನೋಡಿದ.

ಆಮೇಲೆ ಕೇಳಿದ.

“ನಿಮಗೆ ಮೊದಲೇ ಗೊತ್ತಿತ್ತಾ?”

“ಅನುಮಾನ ಇತ್ತು. ನೀನೇ ಹೇಳ್ತೀಯ ಅಂತ ಕಾದೆ. ಕಾಯಬಾರದಿತ್ತು.”

ಎದ್ದು ಬಂದರು. ಪೆಟ್ಟಿಗೆ ತೆಗೆದರು. ಅವನ ಎದುರು ಕೂತರು.

“ಮುಚ್ಚು ಕಣ್ಣು.”

ಈ ಸಲ ಕೂದಲು ಇಟ್ಟರು.

“ತಾಗಿತಾ?”

ಮೇಷ್ಟ್ರು ಮತ್ತೆ ಕೇಳಲಿಲ್ಲ. ಕಾದರು.

“ತಾಗಲಿಲ್ಲ.”

ದಪ್ಪ ಕೂದಲು.

“ತಾಗಲಿಲ್ಲ.”

ಅದಕ್ಕಿಂತ ದಪ್ಪದ್ದು.

“ಇಲ್ಲ ಮೇಷ್ಟ್ರೇ.”

ಬಿಸಿನೀರಿನ ಕೊಳವೆ ಇಟ್ಟರು. ಏನೋ ಇದೆ ಅಂತಲೂ ಗೊತ್ತಾಗಲಿಲ್ಲ. ಗೊತ್ತಾಗುವ ಜಾಗ ಎಲ್ಲಿ ಶುರುವಾಗುತ್ತೆ ಅಂತ ಹುಡುಕುತ್ತ ಮೇಷ್ಟ್ರು ಮೇಲಕ್ಕೆ ಹೋದರು. ಮೊಣಕೈ ಕಡೆ ಅರ್ಧ ದಾರಿಯಲ್ಲಿ ಅವನೇ ಅಂದ.

“ಅಲ್ಲಿ ಬಿಸಿ.”

ಅಲ್ಲಿ ಶಾಯಿಯಲ್ಲಿ ಗೆರೆ ಎಳೆದರು. ಕೈ ನಡುಗಿ ಗೆರೆ ಸೊಟ್ಟಗಾಯಿತು.

ಮಾಯಣ್ಣ ಆ ಗೆರೆ ನೋಡಿದ.

“ಅದೇ ರೋಗಾನಾ?”

“ಕುಷ್ಠ ಇರಬೇಕು. ಆಸ್ಪತ್ರೇಲಿ ನೋಡಿ ಹೇಳ್ತಾರೆ. ಮಾತ್ರೆ ಇದೆ, ವಾಸಿಯಾಗುತ್ತೆ. ಮಾತ್ರೆ ಶುರು ಮಾಡಿದ್ರೆ ಇನ್ನೊಬ್ಬರಿಗೆ ಅಂಟಲ್ಲ. ಹೋದ ಸ್ಪರ್ಶ ವಾಪಸ್ ಬರುತ್ತೋ ಇಲ್ಲವೋ, ಅದು ಹೇಳಲಾರೆ.”

“ನಾನೇ ಎಷ್ಟು ಜನಕ್ಕೆ ಇದನ್ನ ಹೇಳಿದೀನಿ.”

“ಚೆನ್ನಾಗೇ ಹೇಳ್ತಿದ್ದೆ.”

ಮಾಯಣ್ಣ ಅಂಗಿಯ ತೋಳು ಇಳಿಸಲು ಹೋದ. ಇಳಿಸಲಿಲ್ಲ.

“ನಾನು ಊರಿಗೆ ಹೋಗಬೇಕಾ?”

“ಊರಲ್ಲಿ ಏನಿದೆ?”

“ಇಲ್ಲಿ ಈ ಕೈಯಿಂದ ಏನಾಗುತ್ತೆ ಮೇಷ್ಟ್ರೇ? ಒಬ್ಬಳ ಕಾಲು ತೆಗೆದಾಯ್ತು.”

“ಇನ್ನೂ ತೆಗೆದಿಲ್ಲ,” ಅಂದರು ಮೇಷ್ಟ್ರು. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡರು. “ನಡಿ. ಮಧ್ಯಾಹ್ನದ ಬಸ್ಸಿದೆ.”

ಬಸ್ಸಿನಲ್ಲಿ ಮಾಯಣ್ಣ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪಕ್ಕದಲ್ಲಿದ್ದವರು ಗೆರೆ ನೋಡಿದರು. ಅವನು ಮುಚ್ಚಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಗಿರಿಯಮ್ಮ ಮಂಚದ ಮೇಲೆ ಒರಗಿ ಕೂತಿದ್ದಳು. ಜ್ವರಕ್ಕೆ ಮುಖ ಕೆಂಪಾಗಿತ್ತು. ಕಾಲಿಗೆ ಬಟ್ಟೆ ಸುತ್ತಿದ್ದರು. ವಾಸನೆ ಬರುತ್ತಿತ್ತು. ಮಗ ಕಾಲ ದೆಸೆಯಲ್ಲಿ ನಿಂತಿದ್ದ.

ಮಾಯಣ್ಣನನ್ನು ಕಂಡು ಅವಳ ಮುಖ ಅರಳಿತು.

“ಬಂದ್ಯಾ? ಒಳ್ಳೇದಾಯ್ತು. ಹೇಳಪ್ಪ ಇವರಿಗೆ. ನೀನೇ ಮುಟ್ಟಿ ನೋಡಿದ್ಯಲ್ಲ, ಚೆನ್ನಾಗಿದೆ ಅಂತ.”

ಮಾಯಣ್ಣ ನಿಂತೇ ಇದ್ದ.

“ಯಾಕೆ ಸುಮ್ಮನೆ ನಿಂತೆ? ಹೇಳು.”

“ಗಿರಿಯಕ್ಕ,” ಅಂದ. ಮೇಷ್ಟ್ರ ಕಡೆ ತಿರುಗಿದ.

“ಏನಂತ ಹೇಳಲಿ ಮೇಷ್ಟ್ರೇ?”

ಮೇಷ್ಟ್ರು ಅವನ ಭುಜ ಹಿಡಿದು ಮಂಚದ ಅಂಚಿಗೆ, ಗಿರಿಯಮ್ಮನ ಪಕ್ಕದಲ್ಲೇ ಕೂರಿಸಿದರು. ಅವಳ ಕಾಲಿನ ಬಟ್ಟೆ ಸ್ವಲ್ಪ ಸರಿಸಿದರು. ಅವನ ಬಲಗೈಯನ್ನು ಆ ಕಾಲಿನ ಪಕ್ಕಕ್ಕೆ ಎಳೆದಿಟ್ಟರು. ಪೆಟ್ಟಿಗೆ ತೆಗೆದು ದಪ್ಪನೆಯ ಕೂದಲೊಂದನ್ನು ಆರಿಸಿದರು.

“ಇಬ್ಬರೂ ಕಣ್ಣು ಮುಚ್ಚಿ,” ಅಂದರು. “ಮಾಯಣ್ಣ, ಮೊದಲು ನಿನಗೆ, ಆಮೇಲೆ ಗಿರಿಯಮ್ಮನಿಗೆ. ತಾಗದಿದ್ರೆ, ಅವಳಿಗೆ ಕೇಳೋ ಹಾಗೆ ಹೇಳು.”